ಕೆಳಗಿನ ಸಾಲಿನ ಸೊಪ್ಪು

ಬಿಗಿದ ಕಾಲು ಸಡಿಲಿಸಲು ಉರುಳಿಸುವ ಬರೀ ಫೋಮಿನ ರೋಲರಿಗೆ ಏಳುನೂರು, ಕರೆಂಟಿನಲ್ಲಿ ನಡುಗುವ ರೋಲರಿಗೆ ಮೂರು ಸಾವಿರದ ಎಂಟುನೂರು. ಕೂಲಿಯಾಳಿಗೆ ದಿನಕ್ಕೆ ನಾನೂರೈವತ್ತು, ಮೇಲೆ ಕಾಫಿ ತಿಂಡಿ. ನೋವಿನ ಮುಲಾಮಿಗೆ ಬರೀ ಅರವತ್ತು ರೂಪಾಯಿ. ಆದರೆ ಅಕ್ಕಯಮ್ಮನಿಗೆ ಎಲ್ಲಕ್ಕಿಂತ ದುಬಾರಿ ಬಿದ್ದದ್ದು ಅದೇ.

ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಅವಳ ರೇಷ್ಮೆ ಹುಳದ ಮನೆ. ಹುಳ ಮೇಯುವ ಅಟ್ಟಣಿಗೆಯ ಕೆಳಗಿನ ಸಾಲಿಗೆ ಹಿಪ್ಪುನೇರಳೆ ಸೊಪ್ಪು ಹಾಕಲು ಕುಕ್ಕರುಗಾಲಲ್ಲಿ ಕೂರಬೇಕು. ಅವಳ ಪಾದದ ಕೀಲು ಬಾಗುತ್ತಿರಲಿಲ್ಲ. ಕೂತರೆ ಹಿಂದಕ್ಕೆ ಬೀಳುತ್ತಿದ್ದಳು. ಹೋದ ಬೆಳೆಯಲ್ಲಿ ಮೀನಖಂಡಕ್ಕೆ ಮುಲಾಮು ತಿಕ್ಕಿಕೊಂಡು ಒಳಗೆ ಹೋಗಿಬಿಟ್ಟಳು. ಹುಳಕ್ಕೆ ಘಾಟು ಆಗದು ಎಂದು ಊರಿಗೆಲ್ಲ ಹೇಳುವವಳೇ ಮಾಡಿದ ತಪ್ಪು. ಆ ಸಾಲಿನ ಹುಳ ಸೊಪ್ಪು ಮುಟ್ಟಲಿಲ್ಲ, ಗೂಡೂ ಕಟ್ಟಲಿಲ್ಲ.

"ಈ ಬೆಳೆಗೆ ನೀನು ಒಳಕ್ಕೆ ಬರಬ್ಯಾಡಮ್ಮ. ಆಳು ಇಡ್ತೀನಿ" ಎಂದ ಮಗ ಕೆಂಪರಾಜು.

"ಮೂವತ್ತು ವರ್ಷ ಹುಳ ಸಾಕಿದೋಳು ಆಚೆ ಕೂತು ಏನ್ ಮಾಡ್ಲಪ್ಪ, ನಿಮ್ಮ ಚಪ್ಪಲಿ ಕಾಯ್ಲಾ?"

"ಕೆಳಗಿನ ಸಾಲಿಗೆ ಕೂತು ಎದ್ದು ತೋರ್ಸು, ಆಮೇಲೆ ಮಾತಾಡು."

"ನಾಲ್ಕನೇ ಜ್ವರ ಏಳೋ ಹೊತ್ಗೆ ತೋರಿಸ್ತೀನಿ. ಅಲ್ಲೀವರ್ಗೂ ಆಳು ಗೀಳು ಅಂದ್ರೆ ನೋಡು."

ಹುಳ ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದಕ್ಕೆ ಇನ್ನೂ ಹದಿನೆಂಟು ದಿನವಿತ್ತು.

ಮಗಳು ತನುಜ ಚಿಕ್ಕಬಳ್ಳಾಪುರದ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಳು. ಅಕ್ಕಯಮ್ಮ ಹಾಲಿನ ದುಡ್ಡು ಕೊಟ್ಟು ಅವಳ ಕೈಲಿ ನಡುಗುವ ರೋಲರನ್ನೇ ತರಿಸಿದಳು. ಒಂಬತ್ತು ದಿನದ ಕೂಲಿಗಿಂತ ಅದು ಕಡಿಮೆಯೇ.

"ಲಟ್ಟಣಿಗೆ ಬಂತಾ? ಚಪಾತಿ ಯಾವಾಗ?" ಎಂದ ಕೆಂಪರಾಜು.

"ನಿನ್ನ ಬೆನ್ನ ಮೇಲೇ ಒಂದು ಲಟ್ಟಿಸ್ತೀನಿ, ಬಾ."

ತನುಜ ಅಮ್ಮನ ಮೀನಖಂಡವನ್ನು ರೋಲರಿನ ಮೇಲಿಟ್ಟು ಗುಂಡಿ ಒತ್ತಿದಳು. ದುಂಬಿಯಂತೆ ಗುಂಯ್ ಎಂದಿತು. ಒಂದೊಂದು ಕಾಲಿಗೆ ಎರಡು ನಿಮಿಷ, ಮೆಲ್ಲಗೆ ಹಿಂದೆ ಮುಂದೆ.

"ಈ ಸಡಿಲ ಜಾಸ್ತಿ ಹೊತ್ತು ಇರಲ್ಲಮ್ಮ. ತಕ್ಷಣ ಕೂತು ಏಳ್ಬೇಕು."

"ಹಂಗಾದ್ರೆ ಸೊಪ್ಪು ಹಾಕೋ ಮುಂಚೆ ಪ್ರತಿ ಸಲ ಉರುಳಿಸ್ತೀನಿ ಬಿಡು."

ಮೊದಲ ವಾರ ಕಂಬ ಹಿಡಿದು ಕೂತಳು, ಎರಡನೇ ವಾರ ಒಂದೇ ಕೈಯಲ್ಲಿ ಹಿಡಿದು. ಹುಳ ನಾಲ್ಕನೇ ಜ್ವರದಿಂದೆದ್ದ ಬೆಳಿಗ್ಗೆ ಬಾಗಿಲಾಚೆ ಕಾಲು ಉರುಳಿಸಿಕೊಂಡು, ಸೊಪ್ಪಿನ ಹೊರೆ ಎತ್ತಿಕೊಂಡು ಒಳಗೆ ನಡೆದಳು. ಕೆಂಪರಾಜು ಹಿಡಿಯಲು ಕೈ ಚಾಚಿದ.

"ಕೈ ತೆಗಿ."

ಕೂತಳು. ಹಿಮ್ಮಡಿ ನೆಲಕ್ಕೂರಿತು. ಸಾಲಿನ ಈ ತುದಿಯಿಂದ ಆ ತುದಿಗೆ ಸೊಪ್ಪು ಹರಡಿ, ಏನನ್ನೂ ಹಿಡಿಯದೆ ಎದ್ದಳು.

"ಹೇಳಿಟ್ಟಿದ್ದ ಆಳಿಗೆ ಬರಬ್ಯಾಡ ಅಂತ ಫೋನ್ ಮಾಡ್ತೀನಿ" ಎಂದ ಮಗ.

ಅಕ್ಕಯಮ್ಮನ ಪಾದದ ಕೀಲು ಎರಡು ಬೆರಳಿನಷ್ಟು ಹೆಚ್ಚು ಬಾಗಿತು. ಚಕ್ಕಳಮಕ್ಕಳ ಕೂರುವುದು ಇನ್ನೂ ಆಗದು. ಕೆಳಗಿನ ಸಾಲು ಅವಳ ಕೈಲೇ ಉಳಿಯಿತು.