ಮೊಳೆ ಹೊಡೆದ ಕಿಟಕಿ

ನಾನು ತೇಗದ ಕಿಟಕಿ. ದಾಂಡೇಲಿಯ ಕಾಡಿನಲ್ಲಿ ಮರವಾಗಿದ್ದವಳು ಧಾರವಾಡಕ್ಕೆ ಬಂದು, ಬಡಿಗನ ಉಳಿಯ ಕೆಳಗೆ ಒಂದು ಚೌಕಟ್ಟು, ಎರಡು ಕದವಾದೆ. ಗರಗಸದ ಹೆದರಿಕೆ ನನಗೆ ಅಂದಿನಿಂದಲೂ ಇದೆ. ಹಂಚಿನ ಸಣ್ಣ ಕಾಟೇಜಿನ ಹಿಂದಿನ ಕೋಣೆಯಲ್ಲಿ, ಓಣಿಯ ಕಡೆ ಮುಖ ಮಾಡಿ ನನ್ನನ್ನು ಕೂರಿಸಿದರು. ಮನೆ ಕಟ್ಟಿಸಿದ ಇಂಗ್ಲಿಷ್ ಟೀಚರಮ್ಮ ಬೆಳಗಾದರೆ ತೆರೆಯುತ್ತಿದ್ದಳು, ಕತ್ತಲಾದರೆ ಮುಚ್ಚುತ್ತಿದ್ದಳು. ಕಿಟಕಿಗೆ ಬೇರೆ ಬದುಕು ಇರಬಹುದೆಂದು ನನಗೆ ಗೊತ್ತಿರಲಿಲ್ಲ.

ಬಹಳ ವರ್ಷಗಳ ಮೇಲೆ ಮನೆ ಪದ್ಮಾವತಿಬಾಯಿಯವರ ಪಾಲಿಗೆ ಬಂತು. ಅವರ ಸೊಸೆ ಮಂದಾಕಿನಿ ಹೊಸದಾಗಿ ಬಂದವಳು. ಒಂದು ಸಂಜೆ ನನಗೆ ಬೆನ್ನು ಮಾಡಿ ನಿಂತು ತಲೆ ಬಾಚಿಕೊಳ್ಳುತ್ತಿದ್ದಳು. ಓಣಿಯಿಂದ ಒಂದು ಕೈ ನನ್ನ ಕಂಬಿಗಳ ನಡುವೆ ತೂರಿ ಅವಳ ಕೂದಲು ಹಿಡಿದು ಎಳೆಯಿತು. ಅವಳು ಕಿರುಚಿದಳು. ಕೈ ಮಾಯವಾಯಿತು.

ಓಡಿಬಂದ ಅತ್ತೆ ಕೇಳಿದ್ದು ಒಂದೇ ಮಾತು: "ಕಿಟಕಿ ಯಾಕ ತಗದಿದ್ದಿ?"

ಮರುದಿನ ನನಗೆ ಮೊಳೆ ಬಿತ್ತು. ಅಂದಿನಿಂದ ದೀಪಾವಳಿ ಬಂದಾಗಲೆಲ್ಲ ಮಂದಾಕಿನಿಯೇ ಆಯಿಲ್ ಪೇಂಟ್ ತಂದು ಮೊಳೆಯ ತಲೆಗಳ ಮೇಲೆ, ಕದಗಳ ಸಂದಿನಲ್ಲಿ, ಹಳೆಯ ಬಣ್ಣದ ಮೇಲೆಯೇ ಮೆತ್ತುತ್ತಿದ್ದಳು. ಒಂದು ಕೂದಲೆಳೆಯಷ್ಟೂ ಸಂದು ಉಳಿಯಬಾರದು. ಆದರೆ ಮಳೆನೀರಿಗೆ ಒಳಬರುವ ದಾರಿ ಗೊತ್ತಿತ್ತು. ಹೊರಹೋಗುವ ದಾರಿ ಮಾತ್ರ ಇರಲಿಲ್ಲ. ಹೊರಗೆ ಹೊಳೆಯುತ್ತ, ಒಳಗೆ ನಾನು ಕೊಳೆತೆ.

ಅತ್ತೆ ತೀರಿಕೊಂಡರು. ಮಂದಾಕಿನಿಯ ಕೂದಲು ನರೆಯಿತು. ಈ ವರ್ಷ ಅವಳ ನಾದಿನಿ ವತ್ಸಲಾ ನನ್ನನ್ನು ಒತ್ತಿ ನೋಡಿದಾಗ ಬೆರಳು ಒಳಗೇ ಹೋಯಿತು.

"ಅಯ್ಯ, ವೈನಿ! ಇದು ಕಟಗಿ ಅಲ್ಲ, ನೆನೆಸಿದ ಬ್ರೆಡ್ಡು! ಕಿತ್ತು ಒಗೀರಿ, ಅಲ್ಯೂಮಿನಿಯಂ ಹಾಕಸ್ರಿ."

ಬಡಿಗೇರ ಮೌನೇಶ ಬಂದ. ಅವನ ಸ್ಕ್ರೂಡ್ರೈವರ್ ನನ್ನನ್ನು ಚುಚ್ಚುತ್ತ ಕೆಳಗಿನಿಂದ ಮೇಲಕ್ಕೆ ಬಂತು. ಪ್ರತಿ ಚುಚ್ಚಿಗೂ ಇನ್ನು ಮುಗಿಯಿತು ಎಂದುಕೊಂಡೆ.

"ಮ್ಯಾಲ ಗಟ್ಟಿ ಐತ್ರಿ ಅಕ್ಕಾರ. ಕೆಳಗಿಂದಷ್ಟ ಕೊಯ್ದು ಹೊಸಾ ತುಂಡು ಕೂಡಸ್ತೀನಿ. ಆದ್ರ ಮತ್ತ ಮೊಳಿ ಹೊಡಿಯೂದಿದ್ರ ಬ್ಯಾಡ. ದಿನಾ ತಗದು ಹಾಕಿದ್ರ ಬಾಳ್ತೈತಿ, ಇಲ್ಲಾಂದ್ರ ಮತ್ತ ಕೊಳೀತೈತಿ."

"ವೈನಿ ತಗದ್ರ ನಾ ಹೆಸರ ಬದಲಿ ಮಾಡ್ಕೋತೀನಿ," ಎಂದು ವತ್ಸಲಾ ನಕ್ಕಳು.

ಮಂದಾಕಿನಿ ನಗಲಿಲ್ಲ. ಅವಳ ಅಂಗೈ ನನ್ನ ಮೇಲಿತ್ತು, ಬೆವರಿತ್ತು. ಒಂದು ಮೊಳೆಯ ತಲೆ ಮುಟ್ಟಿ ಹೇಳಿದಳು: "ಮೊಳಿ ಕೀಳ್ರಿ."

ಮೊಳೆಗಳು ಕಿರುಚುತ್ತ ಬಂದವು. ಬಣ್ಣದ ಪದರುಗಳು ಹೋದವು. ಮೌನೇಶ ಕೊಳೆತ ಭಾಗ ಕೊಯ್ದು, ಹಳೆಯ ಬಾಗಿಲೊಂದರ ತೇಗ ಜೋಡಿಸಿ, ಅಗಸೆ ಎಣ್ಣೆ ಕುಡಿಸಿದ. ಹೊಸ ತುಂಡು ಅಪರಿಚಿತನ ಹಾಗೆ ನನ್ನೊಳಗೆ ಕುಳಿತಿತ್ತು.

ಎಲ್ಲರೂ ಹೋದರು. ಸಂಜೆ ಮಂದಾಕಿನಿ ಒಬ್ಬಳೇ ಬಂದು ಅಗಳಿ ತೆಗೆದಳು. ಕದ ಬೆರಳಗಲ ತೆರೆದು ಮುಚ್ಚಿದಳು. ಮತ್ತೆ ತೆರೆದಳು. ಆಗಲೇ ಓಣಿಯಲ್ಲಿ ಹೆಜ್ಜೆ ಸಪ್ಪಳ. ಅವಳು ನನ್ನ ಕದಗಳನ್ನು ಬಿಗಿಯಾಗಿ ಹಿಡಿದಳು.

"ಯಾರದು?" ಈ ಕೋಣೆಯಲ್ಲಿ ಅಷ್ಟು ಗಟ್ಟಿಯಾದ ಅವಳ ದನಿಯನ್ನು ನಾನು ಕೇಳಿರಲಿಲ್ಲ.

"ನಾನ್ರೀ, ಮೌನೇಶ! ಉಳಿ ಬಿಟ್ಟು ಹೋಗಿದ್ದೆ!"

"ಮುಂದಿನ ಬಾಗಲಕ್ಕ ಬರ್ರಿ," ಎಂದಳು. ಹೋಗುವಾಗ ನನ್ನನ್ನು ಮುಚ್ಚಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಹೆದರಿಕೆ ಇಬ್ಬರಿಗೂ ಹೋಗಿಲ್ಲ. ಸಂಜೆ ಓಣಿಯಲ್ಲಿ ಸಪ್ಪಳವಾದರೆ ಅವಳ ಕೈ ಅಗಳಿಯ ಮೇಲೆ ಬರುತ್ತದೆ. ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ಆಮೇಲೆ ಬಾಚಣಿಗೆ ತೆಗೆದುಕೊಳ್ಳುತ್ತದೆ. ಆದರೆ ಅವಳು ನನಗೆ ಬೆನ್ನು ಮಾಡಿ ನಿಲ್ಲುವುದಿಲ್ಲ; ಓಣಿಯನ್ನೇ ನೋಡುತ್ತ ಬಾಚಿಕೊಳ್ಳುತ್ತಾಳೆ.