ಆನೆಗಳು ಕಾಲೆತ್ತಿ ದಾಟುವ ಜಾಗ

ನಾನು ಒಂದು ರೈಲು ಕಂಬಿ. ಕುಲುಮೆಯಲ್ಲಿ ಕೆಂಪಗೆ ಹುಟ್ಟಿ, ವರ್ಷಾನುಗಟ್ಟಲೆ ಗಾಡಿಗಳನ್ನು ಬೆನ್ನ ಮೇಲೆ ಓಡಿಸಿದವನು. ಸವೆದ ಮೇಲೆ ನನ್ನನ್ನು ಕಿತ್ತು ಹನೂರಿನ ಕಡೆಯ ಕಾಡಂಚಿಗೆ ತಂದರು. ಎರಡು ಕಾಡುಗಳ ನಡುವೆ ಆನೆಗಳು ಓಡಾಡುತ್ತಿದ್ದ ದಾರಿಗೆ ಅಡ್ಡಲಾಗಿ ಬೇಲಿ ಕಟ್ಟಿ, ನನ್ನನ್ನು ಕೆಳಗಿನ ಸಾಲಿಗೆ ಹಾಕಿದರು. ಓಡಿಸುವುದನ್ನೇ ಕಲಿತವನಿಗೆ ತಡೆಯುವ ಕೆಲಸ, ಹೇಗಿದೆ ನೋಡಿ!

ಬೇಲಿಯ ಪಕ್ಕದಲ್ಲೇ ಚಿಕ್ಕತಾಯಮ್ಮನ ಮನೆ, ಜೋಳದ ಹೊಲ. ತೆನೆ ಕಟ್ಟಿದಾಗಲೆಲ್ಲ ಆಕೆ ಮೆಣಸಿನಪುಡಿ, ಹೊಗೆಸೊಪ್ಪು, ಹಳೇ ಆಯಿಲ್ ಕಲಸಿ ನಮಗೆ ಬಳಿಯುತ್ತಿದ್ದಳು. ಮಳೆ ಬಂದರೆ ಅದೆಲ್ಲ ತೊಳೆದು ನೆಲಕ್ಕಿಳಿಯುತ್ತಿತ್ತು. ಆಕೆ ಮತ್ತೆ ಬಳಿಯುತ್ತಿದ್ದಳು. ಆ ಘಾಟಿಗೆ ಆನೆಗಳು ದೂರದಲ್ಲೇ ನಿಂತು ಆಚೆಯ ಕಾಡನ್ನು ನೋಡುತ್ತಿದ್ದವು. ಘೀಳಿಲ್ಲ, ಕಿವಿ ಬೀಸುವುದೂ ಇಲ್ಲ. ಬಿಸಿಲಿಗೆ ಕಾದ ಕಬ್ಬಿಣ ನಾನು, ನನಗೇ ನಡುಕ ಬರುತ್ತಿತ್ತು.

ಒಂದು ದಿನ ಮುದಿ ಹೆಣ್ಣಾನೆಯೊಂದು ಘಾಟನ್ನೂ ಲೆಕ್ಕಿಸದೆ ಹಣೆಯಿಟ್ಟು ನೂಕಿತು. ನಾನು ಬಗ್ಗಿದೆ, ಮುರಿಯಲಿಲ್ಲ. ನೂಕಿ ನೂಕಿ ದಣಿದು ಅದು ಅಲ್ಲೇ ಕುಸಿದು ಸತ್ತಿತು.

"ನಮ್ಮನೆ ಬಾಗ್ಲಲ್ಲೇ ಸತ್ತಳಲ್ಲಪ್ಪಾ!" ಎಂದು ಚಿಕ್ಕತಾಯಮ್ಮ ಅದರ ಹಣೆಗೆ ಅರಿಸಿನ ಕುಂಕುಮ ಇಟ್ಟು ಅತ್ತಳು. ಆನೆದಾರಿ ಬಿಡಿಸಲು ಜಮೀನು ಬೇಕೆಂದು ಅರಣ್ಯದವರು ಕೇಳಿದಾಗ, ಮನೆ ಹೊಲ ಎರಡನ್ನೂ ಬಿಟ್ಟುಕೊಟ್ಟು ಊರೊಳಗೆ ಹೋದಳು. ಬೇಲಿ ಕಿತ್ತರು. ಸೊಟ್ಟಗಾಗಿದ್ದ ನನ್ನನ್ನು ಹುಲ್ಲಿನಲ್ಲಿ ಬಿಟ್ಟು ಉಳಿದವರನ್ನು ಲಾರಿಗೆ ತುಂಬಿದರು. ಸುಗ್ಗಿಯೊಳಗೆ ಆನೆ ದಾಟದಿದ್ದರೆ ಹೊಲಗಳಿಗೇ ನುಗ್ಗುತ್ತವೆ, ಬೇಲಿ ಮತ್ತೆ ಹಾಕಬೇಕೆಂದು ಊರವರು ಪಟ್ಟು ಹಿಡಿದರು.

ಆನೆಗಳು ಬಂದವು. ಬೇಲಿ ಇದ್ದ ಗೆರೆಗೆ ಸರಿಯಾಗಿ ನಿಂತವು. ಎದುರಿಗೆ ಏನೂ ಇಲ್ಲ, ಬರೀ ಗಾಳಿ. ಸೊಂಡಿಲು ಚಾಚಿ ಆ ಗಾಳಿಯನ್ನು ಮುಟ್ಟಿ ನೋಡಿ ಹಿಂದಿರುಗಿದವು. ಸಂಜೆ ಸಂಜೆಯೂ ಇದೇ ಕಥೆ.

"ದಾಟ್ನಿಲ್ಲ ಅಂದ್ರೆ ನಾ ಮನೆ ಬುಟ್ಟುದ್ದು ಯಾತಕ್ಕೆ ಜಡೆಯಪ್ಪಾ?" ಕಾಡು ಕಾಯುವ ಜಡೆಯನನ್ನು ಆಕೆ ಕೇಳಿದಳು.

"ನಂಗೂ ಗೊತ್ತಾಯ್ತಿಲ್ಲ ಅಕ್ಕಾ. ಅಲ್ಲಿ ನಿಲ್ಲಕ್ಕೇ ಭಯ ಆಯ್ತದೆ."

ಹದ ಮಳೆ ಬಿದ್ದ ಮಾರನೆಯ ದಿನ ಆಕೆ ಆ ಗೆರೆಯ ಮೇಲೆ ಕೂತಿದ್ದಾಗ ಸೀನು ಹತ್ತಿತು. ಮಣ್ಣು ಹಿಡಿದು ಮೂಸಿದಳು. ತಾನೇ ಬಳಿದ ಮೆಣಸು, ಹೊಗೆಸೊಪ್ಪು! ಇಬ್ಬರೂ ಗೆರೆಯುದ್ದಕ್ಕೂ ಮೇಲ್ಮಣ್ಣು ಕೆತ್ತಿ ಹೊತ್ತುಹಾಕಿದರು. ಆನೆಗಳಿಗೆ ತಮ್ಮವರ ವಾಸನೆ ಸಿಗಲೆಂದು ಆಚೆ ಕಾಡಿನ ಆನೆಲದ್ದಿ ತಂದು ಹರವಿದರು.

ಕೆಲವು ದಿನ ಕಳೆದು ಒಂದು ಸಂಜೆ ಆನೆಗಳು ದಾಟಿದವು. ಚಿಕ್ಕತಾಯಮ್ಮ ದೂರದ ಬಂಡೆಯ ಮೇಲೆ ಸೆರಗು ಕಚ್ಚಿಕೊಂಡು ಅಳುತ್ತಿದ್ದಳು, ಖುಷಿಗೆ. ನನಗೂ ಖುಷಿಯೇ. ಆದರೆ ಒಂದೊಂದು ಆನೆಯೂ ಆ ಗೆರೆಗೆ ಬಂದು, ಕಾಣದ ಕಂಬಿ ದಾಟುವಂತೆ ಕಾಲನ್ನು ಎತ್ತರಕ್ಕೆ ಎತ್ತಿ ಇಡುತ್ತಿತ್ತು.

ಈಗ ನನಗೆ ತುಕ್ಕು ಹಿಡಿದಿದೆ. ಬೇಲಿ ಹೋದ ಮೇಲೆ ಹುಟ್ಟಿದ ಮರಿಯೊಂದು ಮೊನ್ನೆ ಒಂಟಿಯಾಗಿ, ಎಲ್ಲರಿಗಿಂತ ಮುಂದೆ ಓಡಿಬಂತು. ಗೆರೆಯಲ್ಲಿ ತಟ್ಟನೆ ನಿಂತಿತು. ಪುಟ್ಟ ಕಾಲನ್ನು ಎತ್ತಿತು.

"ಅದಕ್ಕೆ ಯಾರು ಹೇಳ್ಕೊಟ್ರು ಅಕ್ಕಾ?" ಎಂದ, ಬಂಡೆಯ ಮೇಲೆ ಚಿಕ್ಕತಾಯಮ್ಮನ ಪಕ್ಕ ಕೂತಿದ್ದ ಜಡೆಯ.

ನಾನು ಇಲ್ಲಿ ಹುಲ್ಲಿನಲ್ಲಿ ಬಿದ್ದಿದ್ದೇನೆ. ಅದು ಅಲ್ಲಿ ನನ್ನನ್ನು ದಾಟುತ್ತಿದೆ.