ವಡೆಯ ತೂತು

“ಅಮ್ಮ, ತಾಮ್ರದ ತಗಡಿನ ನಡುವೆ ಒಂದು ತೂತು ಉಂಟು. ತಗಡು ಬಿಸಿ ಮಾಡಿದರೆ ತೂತು ದೊಡ್ಡದಾಗ್ತದಾ, ಚಿಕ್ಕದಾಗ್ತದಾ?”

ಮಗಳು ಅಕ್ಷಿತಾ ಗಂಜಿಯ ಬಟ್ಟಲು ಪಕ್ಕಕ್ಕೆ ಸರಿಸಿ ಕೇಳಿದಳು. ಮರುದಿನ ಫಿಸಿಕ್ಸ್ ಟೆಸ್ಟ್. ಈ ಸಲವೂ ಅಂಕ ಕಡಿಮೆಯಾದರೆ ಕಾಲೇಜಿನ ಉಚಿತ ಕೋಚಿಂಗ್ ಬ್ಯಾಚಿನಿಂದ ಹೊರಗೆ ಎಂದು ಫಿಸಿಕ್ಸ್ ಕಲಿಸುವ ಸುಭಾಷಿಣಿ ಮೇಡಂ ಹೇಳಿಯಾಗಿತ್ತು. ಬೇರೆ ಕಡೆ ಕೋಚಿಂಗ್‌ಗೆ ಸೇರಿಸುವ ತಾಕತ್ತು ನನಗಿಲ್ಲ. ಆದರೆ ಈ ಉತ್ತರವೊಂದು ನನಗೆ ಗೊತ್ತಿತ್ತು. ಮಣಿಪಾಲದ ಕ್ಯಾಂಟೀನಿನಲ್ಲಿ ದಿನವೂ ವಡೆ ಕರಿಯುವವಳು ನಾನು.

“ಚಿಕ್ಕದಾಗ್ತದೆ. ಎಣ್ಣೆಗೆ ಬಿದ್ದ ವಡೆ ಉಬ್ಬಿ ತೂತು ಮುಚ್ಚಿಕೊಳ್ಳುವುದಿಲ್ವಾ?”

“ಹೌದಲ್ವಾ!” ಎಂದು ಬರೆದುಕೊಂಡಳು. “ಇನ್ನು ಆದರ್ಶ ಅನಿಲದ ಲೆಕ್ಕ.”

“ಅದೆಂತ? ನಮ್ಮ ಸಿಲಿಂಡರಿನ ಗ್ಯಾಸಾ?”

“ಅಲ್ಲಮ್ಮ. ಆದರ್ಶ ಅನಿಲ ನಿಜವಾಗಿ ಎಲ್ಲಿಯೂ ಇಲ್ಲ.”

“ಇಲ್ಲದ್ದಕ್ಕೆ ಲೆಕ್ಕ ಎಂತಕ್ಕೆ?”

“ಅದು ನನಗೂ ಅರ್ಥ ಆಗಲಿಲ್ಲ,” ಎಂದು ತಲೆ ಕೆರೆದುಕೊಂಡಳು.

ಬೆಳಿಗ್ಗೆ ಕ್ಯಾಂಟೀನಿನಲ್ಲಿ ಉಪ್ಪಿನಕಾಯಿ ಬಾಟಲಿಯ ತಗಡಿನ ಮುಚ್ಚಳ ಜಪ್ಪಯ್ಯ ಎಂದರೂ ತಿರುಗಲಿಲ್ಲ. ಜೊತೆಗೆ ಕೆಲಸ ಮಾಡುವ ಎಲಿಜಬೆತ್, “ಕೊಡಿ ಕುಶಲಕ್ಕ,” ಎಂದು ಮುಚ್ಚಳದ ಮೇಲೆ ಬಿಸಿನೀರು ಸುರಿದಳು. ಒಂದೇ ತಿರುವಿಗೆ ಬಿಚ್ಚಿಕೊಂಡಿತು. ನಾನು ಮುಚ್ಚಳವನ್ನು ತಿರುಗಿಸಿ ನೋಡಿದೆ. ಮುಚ್ಚಳ ಬಿಸಿಯಾಗಿ ಅಗಲವಾದರೆ ತಾನೇ ಸಡಿಲಾಗುವುದು? ಹಾಗಾದರೆ ಒಳಗಿನ ಜಾಗ ದೊಡ್ಡದಾಯಿತು. ತೂತು ದೊಡ್ಡದಾಯಿತು!

ಸೌಟು ಬಿಟ್ಟು ಫೋನ್ ಮಾಡಿದೆ. ಅವಳಿನ್ನೂ ಕಾಲೇಜಿನ ಗೇಟಿನಲ್ಲಿದ್ದಳು.

“ದೊಡ್ಡದಾಗ್ತದೆ ಮಗಾ! ತೂತು ದೊಡ್ಡದಾಗ್ತದೆ!”

“ಎಂತಮ್ಮ ಇದು? ನಿನ್ನೆ ವಡೆ ಅಂತ ಹೇಳಿದ್ದು?”

“ವಡೆ ಬಿಡು, ಮುಚ್ಚಳ ನೋಡು.”

“ಯಾವ ಮುಚ್ಚಳ? ಅಯ್ಯೋ, ಬೆಲ್ ಆಯ್ತು. ಈಗ ನನಗೆ ಎರಡೂ ಸರಿ ಅನಿಸ್ತದೆ!”

ಫೋನ್ ಕಟ್ಟಾಯಿತು. ಆ ಹೊತ್ತಿನ ವಡೆಗಳೆಲ್ಲ ಕಪ್ಪಾದವು. “ಎಂತ ಅಕ್ಕ, ಇದ್ದಿಲು ಮಾರುವುದಾ?” ಎಂದು ಎಲಿಜಬೆತ್ ನಕ್ಕಳು. ಕರಟಿದ್ದನ್ನೆಲ್ಲ ಬಕೆಟಿಗೆ ಸುರಿದೆ. ನಿನ್ನೆ ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು, ಮಗಳು ಪುಸ್ತಕ ನೋಡಿಕೊಳ್ಳುತ್ತಿದ್ದಳು.

ವಾರ ಕಳೆದು ಉತ್ತರ ಪತ್ರಿಕೆ ಬಂತು. ತೂತಿನ ಪ್ರಶ್ನೆಗೆ ಅವಳು ಬರೆದದ್ದು: ‘ತೂತು ದೊಡ್ಡದಾಗುತ್ತದೆ. ವಡೆಯಲ್ಲಿ ಮಾತ್ರ ಚಿಕ್ಕದಾಗುತ್ತದೆ.’ ಮೇಡಂ ಅಂಕ ಕೊಟ್ಟು, ‘ವಡೆ’ಗೆ ಕೆಂಪು ಸುತ್ತು ಹಾಕಿ, ಬದಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರೆದಿದ್ದರು.

“ಬ್ಯಾಚ್?” ಎಂದೆ.

“ಉಂಟು. ಆ ಅಂಕದಿಂದಲೇ ಉಳಿದದ್ದು.”

ನಾನು ಆ ಕೆಂಪು ಸುತ್ತನ್ನು ಮತ್ತೊಮ್ಮೆ ನೋಡಿದೆ. “ಅಲ್ಲ ಮಗಾ, ಹಾಗಾದರೆ ವಡೆಯದ್ದು ಮುಚ್ಚಿಕೊಳ್ಳುವುದು ಯಾಕೆ?”

“ಹಿಟ್ಟು ಮೆತ್ತಗೆ ಅಲ್ವಾ? ಒಳಗಿನ ಗಾಳಿ, ಹಬೆ ಬಿಸಿಗೆ ಉಬ್ಬುತ್ತದೆ, ಹಿಟ್ಟನ್ನು ದೂಡುತ್ತದೆ... ಇರಬೇಕು.”

“ಆ ಆದರ್ಶ ಅನಿಲವಾ?”

“ಅಲ್ಲಮ್ಮ,” ಎಂದಳು ಅಕ್ಷಿತಾ, “ಉದ್ದಿನ ಅನಿಲ.”